ಕೆಂಪು ನೆಲದ ಹಿಮ ನೋಡಲು ಹೊರಟದ್ದು

ಶುಕ್ರವಾರ ಮಧ್ಯಾಹ್ನ ನಾನೂ ನನ್ನ ಅತ್ತೆಯೂ ಮೆಲ್ಬರ್ನಿನ ಟಾರ್ನೀಟ್ ಬಿಟ್ಟೆವು. ಫ್ಲಿಂಡರ್ಸ್ ಬೆಟ್ಟಗಳ ಬುಡದ ಮರುಭೂಮಿ ಬಯಲಿನಲ್ಲಿ ಹಿಮ ಬಿದ್ದಿದೆ, ರಾತ್ರಿ ಇನ್ನಷ್ಟು ಬೀಳಬಹುದು ಎಂದು ಬೆಳಿಗ್ಗೆ ಸುದ್ದಿ ಬಂದಿತ್ತು. ಅತ್ತೆ ಧಾರವಾಡದ ಶಾಲೆಯಲ್ಲಿ ಮೂವತ್ತು ವರ್ಷ ಭೂಗೋಳ ಕಲಿಸಿದವರು. ಹಿಮ ಮಾತ್ರ ಕಂಡವರಲ್ಲ. ಘಾಟಿ ತಿರುವುಗಳಲ್ಲಿ ಅವರಿಗೆ ವಿಪರೀತ ತಲೆಸುತ್ತು. ಹಿಮದ ಬೆಟ್ಟಕ್ಕೆಂದು ಹೊರಟು ಎರಡು ಸಲ ಅರ್ಧ ದಾರಿಯಿಂದ ವಾಪಸಾಗಿದ್ದೆವು. ಮುಂದಿನ ವಾರ ಅವರ ವೀಸಾ ಮುಗಿಯುತ್ತಿತ್ತು.

"ರಸ್ತೆ ನೆಟ್ಟಗ ಐತೇನು?" ಎಂದಷ್ಟೇ ಕೇಳಿದರು. ಹೆಚ್ಚುಕಡಿಮೆ ಸಾವಿರ ಕಿಲೋಮೀಟರ್ ನೆಟ್ಟಗಿತ್ತು.

ರಾತ್ರಿ ಅರ್ಧ ದಾರಿಯ ಮಿಲ್ಡೂರಾದಲ್ಲಿ ತಂಗಿದೆವು. ಮೋಟೆಲ್ ರೂಮಿಗೆ ನೂರಾ ಮೂವತ್ತು ಡಾಲರ್, ಹೀಟರಿನ ಗೊರಕೆ ಉಚಿತ. ಶನಿವಾರ ಆರಕ್ಕೆ ಹೊರಟರೆ, ಬೆಟ್ಟಗಳಿರುವ ಪಕ್ಕದ ರಾಜ್ಯದ ಗಡಿಯಲ್ಲಿ ತಡೆದರು. ಹಣ್ಣಿನ ನೊಣದ ಭಯಕ್ಕೆ ಅಲ್ಲಿ ಹಸಿ ಹಣ್ಣು, ತರಕಾರಿ ಒಳಗೆ ಬಿಡುವುದಿಲ್ಲ. ನನಗದು ಮರೆತೇ ಹೋಗಿತ್ತು. ಹಸಿ ತರಕಾರಿ ಇಲ್ಲದ ರೊಟ್ಟಿ ಅತ್ತೆಗೆ ಊಟವೇ ಅಲ್ಲ. ದೊಡ್ಡ ಸ್ಟೀಲ್ ಡಬ್ಬಿ ತುಂಬ ಸೌತೆಕಾಯಿ, ಟೊಮೆಟೊ ತಂದಿದ್ದರು. ಎಸೆಯಿರಿ, ಇಲ್ಲವೇ ಇಲ್ಲೇ ತಿನ್ನಿ ಎಂದ ಅಧಿಕಾರಿ. ಬಿಸಿಲೇರಿದರೆ ಹಿಮ ಉಳಿಯದು, ಎಸೆದುಬಿಡೋಣ ಎಂದು ನಾನು ಗೋಗರೆದೆ.

"ಹಿಮಾ ಕರಗಿದ್ರ ಕರಗ್ಲಿ. ಅನ್ನಾ ಚೆಲ್ಲಂಗಿಲ್ಲ," ಎಂದು ಅತ್ತೆ ಬೆಂಚಿನ ಮೇಲೆ ಕೂತರು. ರೊಟ್ಟಿ, ಶೇಂಗಾ ಚಟ್ನಿ ಬಿಚ್ಚಿ ಮುಕ್ಕಾಲು ಗಂಟೆ ಹಠ ಹಿಡಿದು ತಿಂದರು. ಸಿಟ್ಟು ನೆತ್ತಿಗೇರಿದ್ದರೂ ನಾನೂ ತಿಂದೆ. ಅಧಿಕಾರಿಗೂ ಒಂದು ರೊಟ್ಟಿ ಹೋಯಿತು.

ಬಯಲು ತಲುಪಿದಾಗ ಒಂದು ಗಂಟೆ. ಕೆಂಪು ನೆಲ ಒದ್ದೆಯಾಗಿತ್ತು, ಬಿಳುಪು ಎಲ್ಲೂ ಇರಲಿಲ್ಲ. ಅರ್ಧ ಗಂಟೆ ಮೊದಲು ಬಂದಿದ್ದರೆ ಸಿಗುತ್ತಿತ್ತು ಎಂದಳು ಪೆಟ್ರೋಲ್ ಬಂಕಿನ ಹೆಂಗಸು. ನನಗೆ ಅಳುವೇ ಬಂತು. ಅತ್ತೆ ಮಾತ್ರ ಸೆರಗು ಸಿಕ್ಕಿಸಿ ಕಾರಿನಿಂದಿಳಿದರು.

"ಈ ದೇಶದಾಗ ಮಧ್ಯಾಹ್ನದ ಸೂರ್ಯ ಉತ್ತರಕ್ಕಿರ್ತಾನ. ದಕ್ಷಿಣದ ನೆರಳು ಹುಡುಕು."

ಒಂದೊಂದೇ ದಿಬ್ಬ ಸುತ್ತಿದೆವು. ನಾಲ್ಕನೆಯದರ ಹಿಂದೆ, ಬಂಡೆಯ ಬುಡದಲ್ಲಿ, ಚಾಪೆಯಷ್ಟಗಲ ಹಿಮ ಉಳಿದಿತ್ತು. ಅತ್ತೆ ಅದರ ಮುಂದೆ ಕುಕ್ಕರಗಾಲಲ್ಲಿ ಕೂತು ಮುಷ್ಟಿ ತುಂಬಿಕೊಂಡರು.

"ಹತ್ತಿ ಹಂಗ ಇರ್ತದ ಅಂತ ಹೇಳಿಕೊಡ್ತಿದ್ದೆ," ಎಂದರು. "ಹರಳುಪ್ಪಿನ ಹಂಗ ಐತಲ್ಲ." ಅವರ ಕಣ್ಣು ತುಂಬಿತ್ತು. ಆಮೇಲೆ ಖಾಲಿ ಡಬ್ಬಿ ತರಲು ಹೇಳಿದರು.

ಭಾನುವಾರ ಸಂಜೆ ಮನೆ ಸೇರಿದಾಗ ಡಬ್ಬಿಯಲ್ಲಿ ಉಳಿದದ್ದು ಒಂದಿಷ್ಟು ಕೆಂಪು ರಾಡಿ ನೀರು. ತೊಳೆಯಲೆಂದು ಸಿಂಕಿಗೆ ಒಯ್ದೆ. ಅತ್ತೆ ಬಂದು ಕೈಯಿಂದ ಕಸಿದುಕೊಂಡರು, ಕಿಟಕಿಯಲ್ಲಿದ್ದ ಕರಿಬೇವಿನ ಕುಂಡಕ್ಕೆ ಸುರಿದು, ಡಬ್ಬಿಯ ತಳವನ್ನು ಎರಡು ಸಲ ತಟ್ಟಿದರು.