ನೆಗೆಣ್ಣಿಯರ ನಡುವೆ ಎರಡು ಊಟ

ನಮ್ಮ ಕ್ರೈಸ್ತ ವಿಶ್ವವಿದ್ಯಾಲಯಕ್ಕೆ ಸೇರಿದ ಮೊದಲ ವಾರವೇ ಎಲ್ಲರೂ ಒಂದೊಂದು ಸೇವೆಯನ್ನು ಆರಿಸಿಕೊಳ್ಳಬೇಕಿತ್ತು. ಹುಲ್ಲುಹಾಸಿನ ಮೇಲೆ ಸಾಲಾಗಿ ಮೇಜು ಹಾಕಿಕೊಂಡ ಹಿರಿಯ ವಿದ್ಯಾರ್ಥಿಗಳು ಸಂತೆಯಲ್ಲಿ ಬದನೆಕಾಯಿ ಮಾರುವವರಂತೆ ನಮ್ಮನ್ನು ಕೂಗಿ ಕರೆಯುತ್ತಿದ್ದರು. ಒಬ್ಬರದು ಗಾಯನವೃಂದ, ಇನ್ನೊಬ್ಬರದು ಆಸ್ಪತ್ರೆ ಭೇಟಿ, ಅದರಾಚೆ ಜೈಲು ಭೇಟಿ, ಭಾನುವಾರದ ಮಕ್ಕಳ ಪಾಠ. ಸಿಂದಗಿಯಿಂದ ಹೋದ ನನಗೆ ದೇವರ ಸೇವೆಗೆ ಇಷ್ಟೊಂದು ಅಂಗಡಿಗಳಿವೆಯೆಂಬುದೇ ಗೊತ್ತಿರಲಿಲ್ಲ. ನಮ್ಮಲ್ಲಿ ಚರ್ಚಿನ ಕಸ ಹೊಡೆಯುವುದು, ಜಮಖಾನೆ ಹಾಸುವುದು ಎರಡೇ ಸೇವೆ. ಎರಡನ್ನೂ ಅವ್ವ ನನ್ನಿಂದಲೇ ಮಾಡಿಸುತ್ತಿದ್ದಳು.

ನಾನು ಗಾಯನವೃಂದದ ಮೇಜಿಗೆ ಹೋದೆ. ಭಕ್ತಿಗಿಂತ ಅವರು ಉಟ್ಟಿದ್ದ ನೀಲಿ ಸೀರೆ ನನ್ನನ್ನು ಎಳೆದಿತ್ತು. ಸಂಗೀತದ ಮೇಡಂ ಒಂದು ಸಾಲು ಹಾಡಿಸಿ, ಸ್ವಲ್ಪ ಹೊತ್ತು ಕಣ್ಣು ಮುಚ್ಚಿಕೊಂಡಿದ್ದು, "ಹೊಲದ ಆಚೆ ಇರೋರನ್ನ ಕರೆಯೋದಕ್ಕೆ ಹೇಳಿ ಮಾಡಿಸಿದ ಧ್ವನಿ ನಿಮ್ಮದು" ಎಂದರು. ನಾನು ಹಿಗ್ಗಿ ಅವ್ವನಿಗೆ ಫೋನ್ ಮಾಡಿದೆ.

"ಹೊಗಳ್ಯಾರೋ ಬೈದಾರೋ, ಇನ್ನೊಮ್ಮೆ ಕೇಳ್ಕೊಂಡ್ ಬಾ" ಎಂದಳು ಅವ್ವ.

ಬೈದಿದ್ದರು. ಹೀಗಾಗಿ ಯಾರೂ ಹಾಡಬೇಕಿಲ್ಲದ ಆಪ್ತಸಮಾಲೋಚನೆಯ ತಂಡ ಸೇರಿದೆ. ಎದುರಿಗಿರುವವರ ಮಾತಿಗೆ ತಲೆಯಾಡಿಸುತ್ತ, "ನಿಮಗೆ ಆಗ ಹೇಗನ್ನಿಸಿತು?" ಎಂದು ಕೇಳುವುದೇ ಅಲ್ಲಿಯ ಮುಖ್ಯ ವಿದ್ಯೆ. ಅದರಲ್ಲಿ ನಾನು ಎಷ್ಟು ಪಳಗಿದೆನೆಂದರೆ, ಊಟದ ಮನೆಯ ಅಡುಗೆಯವರು ಸಾರು ಹುಳಿಯಾಯಿತೆಂದರೂ ಅದನ್ನೇ ಕೇಳುತ್ತಿದ್ದೆ. ಮಂಗಳೂರಿನ ಕಡೆಯ ನನ್ನ ರೂಮ್‌ಮೇಟ್ ನನ್ನ 'ಐತಿ'ಯನ್ನೆಲ್ಲ ತಿದ್ದಿ 'ಇದೆ' ಮಾಡಿಸಿದ್ದಳು. ನಾನು ಮನೆಯವರ ಜೊತೆ ಫೋನಿನಲ್ಲಿ ಮಾತಾಡುವಾಗ ಮಾತ್ರ ಅವಳು ಗಾಬರಿಯಾಗಿ, "ಯಾರ ಜೊತೆ ಜಗಳ?" ಎಂದು ಕೇಳುವುದು ಕೊನೆಯವರೆಗೂ ನಿಲ್ಲಲಿಲ್ಲ.

ಎರಡನೆಯ ವರ್ಷದ ಬೇಸಿಗೆಯಲ್ಲಿ ಒಂದು ತಿಂಗಳು ಹಳ್ಳಿಯ ಚರ್ಚ್ ಸಭೆಗಳಲ್ಲಿ ಕೆಲಸ ಮಾಡಬೇಕಿತ್ತು. ಗೆಳತಿಯರಿಗೆ ಗುಡ್ಡ, ಕಡಲು, ಕಾಡು ಸಿಕ್ಕವು. ನನಗೆ ಸಿಕ್ಕಿದ್ದು ನಮ್ಮ ಜಿಲ್ಲೆಯೇ. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ, ಈ ನಾಲ್ಕೂ ಕಡೆಯ ಚದುರಿದ ಸಣ್ಣ ಸಣ್ಣ ಸಭೆಗಳನ್ನು ಒಬ್ಬರೇ ಹಿರಿಯ ಪಾದ್ರಿಗಳು ಹಳೆಯ ಮೋಟರ್‌ಸೈಕಲ್ ಮೇಲೆ ನೋಡಿಕೊಳ್ಳುತ್ತಿದ್ದರು. ಇಂಡಿಯಲ್ಲಿ ಕನ್ನಡಕ ಮರೆತು ಸಿಂದಗಿಗೆ ಬರುವರು, ಸಿಂದಗಿಯಲ್ಲಿ ನಿಲುವಂಗಿ ಮರೆತು ಬಾಗೇವಾಡಿಗೆ ಹೋಗುವರು. ಅವರು ನನ್ನನ್ನು ನಾಲತವಾಡದ ಹತ್ತಿರದ ಒಂದು ಹಳ್ಳಿಗೆ ತಂದು ಬಿಟ್ಟು, ಗಾಡಿಯಿಂದ ಇಳಿಯದೆಯೇ ಹೇಳಿದರು:

"ಇಲ್ಲಿ ಇಬ್ರು ನೆಗೆಣ್ಣಿಯರು ಅದಾರ ಮಗಳ. ಅಣ್ಣ ತಮ್ಮನ್ನ ಮದಿವಿ ಆದಾವ್ರು. ಅಕ್ಕಪಕ್ಕದ ಮನಿ, ನಡುವ ಒಂದ ಗ್ವಾಡಿ. ಭಾಳ ವರ್ಷಾತು, ಮಾತಿಲ್ಲ ಕತಿಯಿಲ್ಲ. ನಾ ಪ್ರಾರ್ಥನಾ ಮಾಡಿ ಮಾಡಿ ಸೋತೇನಿ. ನೀ ಮಂದೀನ ಮಾತಾಡ್ಸಿ ಕೂಡ್ಸೂದ ಕಲ್ತ ಬಂದೀಯಂತಲಾ, ನೋಡು."

ನೋಡುತ್ತೇನೆ ಎಂದೆ. ಸರ್ಜನ್ ಕತ್ತರಿ ಕೇಳುವ ಧಾಟಿಯಲ್ಲಿ ಹೇಳಿದ್ದೆನೆಂದು ನೆನಪು.

ಜಗಳದ ಮೂಲ ತಿಳಿಯಲು ಕಷ್ಟವಾಗಲಿಲ್ಲ. ಊರಿನ ಕಟ್ಟೆಯ ಮೇಲೆ ಕೂತವರೆಲ್ಲ, ಚರ್ಚಿಗೆ ಬರುವವರು ಬಾರದವರು ಎನ್ನದೆ, ನಿಲ್ಲಿಸಿ ಹೇಳಿದರು. ಒಂದು ಕ್ರಿಸ್‌ಮಸ್ಸಿಗೆ ಕಿರಿಯವಳು ಶೇಂಗಾ ಹೋಳಿಗೆ ಮಾಡಿ ಓಣಿಗೆಲ್ಲ ಹಂಚಿದ್ದಳು. ಹಿರಿಯವಳು ಒಂದನ್ನು ಮುರಿಯಲು ನೋಡಿ, ಅದು ಮುರಿಯದಿದ್ದಾಗ, "ಇವ್ನ ಒಂದರ ಮ್ಯಾಲೊಂದ ಇಟ್ರ ಬಚ್ಚಲಮನಿ ಗ್ವಾಡಿ ಏಳ್ತೈತಿ" ಎಂದಿದ್ದಳು. ಓಣಿಯೆಲ್ಲ ನಕ್ಕಿತ್ತು. ಕಿರಿಯವಳು ಅಂದು ಮುಚ್ಚಿದ ಬಾಯಿಯನ್ನು ಹಿರಿಯವಳ ಎದುರು ಮತ್ತೆ ತೆರೆದಿರಲಿಲ್ಲ.

ಮೊದಲು ಹಿರಿಯವಳ ಮನೆಗೆ ಹೋದೆ. ನಾನಿನ್ನೂ ಬಾಯಿ ತೆರೆಯುವ ಮೊದಲೇ ತಾಟು ಬಂತು. ಬಿಸಿ ರೊಟ್ಟಿ, ಎಣ್ಣೆಗಾಯಿ, ಹಿಂಡಿ ಚಟ್ನಿ, ಮೊಸರು. ಅವಳು ಎದುರಿಗೆ ಕೂತು ಬಡಿಸುತ್ತಲೇ ನೆಗೆಣ್ಣಿಯ ತಪ್ಪುಗಳನ್ನೂ ಬಡಿಸಿದಳು. ನಾನು ತಲೆಯಾಡಿಸಿದೆ. ಅಲ್ಲೊಂದು ಎಡವಟ್ಟು ಆಯಿತು. ಆಪ್ತಸಮಾಲೋಚನೆಯಲ್ಲಿ ತಲೆಯಾಡಿಸಿದರೆ 'ಕೇಳುತ್ತಿದ್ದೇನೆ' ಎಂದರ್ಥ, ನಮ್ಮ ಕಡೆಯ ಊಟದಲ್ಲಿ 'ಇನ್ನೊಂದು ಹಾಕಿ' ಎಂದರ್ಥ.

"ನಿಮಗೆ ಆಗ ಹೇಗನ್ನಿಸಿತು?" ಎಂದೆ, ಮೂರನೆಯ ರೊಟ್ಟಿಯ ಮೇಲಿಂದ.

"ಹೆಂಗನಸ್ತೈತ್ರಿ ಅಕ್ಕೋರ? ಹಲ್ಲ ನೋವನಸ್ತು" ಎಂದಳು.

ಹೊರಗೆ ಬಂದರೆ ಕಿರಿಯವಳು ಬಾಗಿಲಲ್ಲೇ ನಿಂತಿದ್ದಳು. "ಬರ್ರಿ ಅಕ್ಕೋರ, ಊಟಾ ಮಾಡ್ರಿ." ಆಗಿದೆ ಎಂದೆ. ಅವಳ ಮುಖ ಸಪ್ಪಗಾಯಿತು. "ಅಲ್ಲಾದ್ರ ಉಣ್ತೀರಿ, ಇಲ್ಲಾದ್ರ ವಲ್ಲಂತೀರಿ. ಆತಲ್ಲ ನ್ಯಾಯ!" ಯಾರ ಪಕ್ಷವನ್ನೂ ವಹಿಸಬಾರದೆಂದು ನಮಗೆ ಕಲಿಸಿದ್ದರು. ಹೊಟ್ಟೆಯ ಮಟ್ಟಿಗೆ ಅದು ಹೇಗೆಂದು ಹೇಳಿಕೊಟ್ಟಿರಲಿಲ್ಲ. ಕೂತು, ಅಲ್ಲಿಯೂ ಅಷ್ಟೇ ಉಂಡೆ. ಕೊನೆಗೆ ತುಪ್ಪ ಸುರಿದ ಶೇಂಗಾ ಹೋಳಿಗೆ ಬಂತು. ಅದು ಮೃದುವಾಗಿಯೇ ಇತ್ತು.

ಹೀಗೆ ಮೂರು ದಿನ ಎರಡೂ ಮನೆಯಲ್ಲಿ ಮಧ್ಯಾಹ್ನದ ಊಟ ನಡೆಯಿತು. ನಾಲ್ಕನೆಯ ದಿನ, ಇಬ್ಬರನ್ನೂ ಎದುರುಬದುರು ಕೂರಿಸಿ ಮಾತಾಡಿಸುವುದೆಂದು ಚರ್ಚಿನ ಅಂಗಳದ ಬೇವಿನ ಮರದ ಕೆಳಗೆ ಮೂರು ಕುರ್ಚಿ ಹಾಕಿದೆ. ಇಬ್ಬರೂ ಬಂದರು, ಬಂದು, ಬೆನ್ನಿಗೆ ಬೆನ್ನು ಮಾಡಿ ಕೂತರು. ನಾನು ಎದ್ದು ನಿಂತು, "ಸಮಾಧಾನವೆಂಬುದು ಪರಸ್ಪರ ಆಲಿಸುವಿಕೆಯಿಂದ..." ಎಂದು ಆರಂಭಿಸಿದೆ. ಅಷ್ಟರಲ್ಲಿ ಹೊಟ್ಟೆಯೊಳಗೆ ಏನೋ ತಿರುಚಿದಂತಾಗಿ, ಬೆವರು ಕಿತ್ತುಬಂದು, ಕಣ್ಣು ಕತ್ತಲಿಟ್ಟಿತು. ಕುರ್ಚಿ ಹಿಡಿಯಲು ಹೋದೆ, ಕುರ್ಚಿಯೊಂದಿಗೇ ಬಿದ್ದೆ.

ಕಣ್ಣು ಬಿಟ್ಟಾಗ ತಲೆ ಹಿರಿಯವಳ ತೊಡೆಯ ಮೇಲಿತ್ತು. ಕಿರಿಯವಳು ಸೆರಗಿನಿಂದ ಗಾಳಿ ಹಾಕುತ್ತಿದ್ದಳು.

"ಏನ್ ತಿನ್ಸಿದಿ ಹುಡಿಗೀಗಿ?" ಎಂದಳು ಹಿರಿಯವಳು, ಮುಖ ನೋಡದೆ.

ಕಿರಿಯವಳು ಗಾಳಿ ಹಾಕುವುದನ್ನು ನಿಲ್ಲಿಸಿದಳು. ಅಷ್ಟು ವರ್ಷಗಳ ಮೇಲೆ ತನಗೆ ಬಂದ ಮೊದಲ ಮಾತದು. "ನಾ ತಿನ್ಸೋಕ್ಕಿಂತ ಮೊದಲ ನೀ ನಾಕ್ ರೊಟ್ಟಿ ತುರುಕಿರ್ತಿ. ನನಗ ಅಂತಿಯಲ್ಲ!"

"ನಾಕ ತಿಂದ ಮ್ಯಾಲ ನಿನ್ನ ಮನ್ಯಾಗ ಉಂಡಾಳೇನು?"

"ದಿನಾ ಉಂಡಾಳ! ಹೋಳಿಗಿ ಬ್ಯಾರೆ ತಿಂದಾಳ!"

ಇಬ್ಬರೂ ಒಟ್ಟಿಗೆ ನನ್ನ ಕಡೆ ತಿರುಗಿದರು. "ಹೌದೇನ್ರಿ ಅಕ್ಕೋರ?"

ಎರಡು ವರ್ಷ ಕಷ್ಟಪಟ್ಟು ಕಲಿತ ಭಾಷೆ ಆ ಹೊತ್ತಿಗೆ ನನ್ನನ್ನು ಬಿಟ್ಟುಹೋಗಿತ್ತು. "ಹೌದ್ರಿ ಯವ್ವಾ. ಬ್ಯಾಡನ್ನಾಕ ಬಾಯಿ ಬರ್ಲಿಲ್ರಿ. ಹೊಟ್ಟಿ ಭಾಳ ನೋಯಾಕತ್ತೈತ್ರಿ" ಎಂದು ಅತ್ತುಬಿಟ್ಟೆ.

ಹಿರಿಯವಳಿಗೆ ಮೊದಲು ನಗು ಬಂತು. ಬಾಯಿಗೆ ಸೆರಗು ಒತ್ತಿಕೊಂಡಳು, ತಡೆಯಲಿಲ್ಲ. ಅವಳ ನಗುವಿನೊಂದಿಗೆ ತೊಡೆಯ ಮೇಲಿದ್ದ ನನ್ನ ತಲೆಯೂ ಕುಣಿಯಿತು. ಅದನ್ನು ಕಂಡು ಕಿರಿಯವಳೂ ನಕ್ಕಳು. "ಸಾಲಿ ಕಲ್ತದ್ದೆಲ್ಲಾ ಹೊಟ್ಟ್ಯಾಗ ಹೋತಲ್ಲವ್ವಾ" ಎಂದು ಹಿರಿಯವಳು ನನ್ನ ಕೆನ್ನೆ ತಟ್ಟಿದಳು. ಅಜವಾನದ ಕಷಾಯ ಕೊಡಬೇಕೋ ಮಜ್ಜಿಗೆ ಕೊಡಬೇಕೋ ಎಂಬುದರ ಮೇಲೆ ತಕ್ಷಣ ವಾದ ಹತ್ತಿತು. ಎರಡೂ ಬಂದವು. ಎರಡನ್ನೂ ಕುಡಿದೆ.

ಆ ಸಂಜೆ ಹಿರಿಯವಳ ಮನೆಯಲ್ಲಿ ನನ್ನನ್ನು ಮಲಗಿಸಿದ್ದರು. ನನಗೆ ನಿದ್ದೆ ಬಂತೆಂದುಕೊಂಡು ಇಬ್ಬರೂ ಹೊಸ್ತಿಲ ಹತ್ತಿರ ಕೂತು ಸಣ್ಣ ದನಿಯಲ್ಲಿ ಮಾತಾಡುತ್ತಿದ್ದರು. "ಆವತ್ತ ನನ್ನ ತವರಮನ್ಯಾವ್ರು ಬಂದು ಒಳಗ ಕುಂತಿದ್ರು ಅಕ್ಕಾ. ಅವ್ರಿಗಿ ಕೇಳೂವಂಗ ಅಂದಿ" ಎಂದಳು ಕಿರಿಯವಳು. ಹಿರಿಯವಳು ಅವಳ ಹತ್ತಿರಕ್ಕೆ ಸರಿದು ಕೂತಳು. ಆಮೇಲೆ, "ನನಗ ಅದು ಗೊತ್ತಿದ್ದಿಲ್ಲ ತಂಗಿ" ಎಂದಳು. ಕಟ್ಟೆಯ ಮೇಲಿನವರು ಯಾರೂ ನನಗೆ ಈ ಸಂಗತಿಯನ್ನು ಹೇಳಿರಲಿಲ್ಲ. ನಾನೂ ಕೇಳಿರಲಿಲ್ಲ. ಗೋಡೆಯ ಕಡೆ ಹೊರಳಿ ಮಲಗಿದೆ.

ಪಾದ್ರಿಗಳು ಮುಂದಿನ ಭಾನುವಾರ ಬಂದಾಗ ಇಬ್ಬರೂ ಒಂದೇ ಜಮಖಾನೆಯ ಮೇಲೆ ಕೂತು, ಉಪದೇಶ ಮುಗಿಯುವವರೆಗೂ ಪಿಸುಗುಟ್ಟುತ್ತಿದ್ದರು. ಪಾದ್ರಿಗಳು ಎರಡು ಸಲ ಕೆಮ್ಮಿದರೂ ನಿಲ್ಲಲಿಲ್ಲ. ವಿಶ್ವವಿದ್ಯಾಲಯಕ್ಕೆ ಮರಳಿದ ಮೇಲೆ ನಮ್ಮ ಸೇವಾ ತಂಡಗಳನ್ನು ನೋಡಿಕೊಳ್ಳುತ್ತಿದ್ದ ಚಾಪ್ಲೆನ್ ಸರ್ ನನ್ನನ್ನು ಕೂರಿಸಿ, ಯಾವ ವಿಧಾನ ಅನುಸರಿಸಿದೆ ಎಂದು ಕುತೂಹಲದಿಂದ ಕೇಳಿದರು. ನಡೆದದ್ದನ್ನು ನಡೆದ ಹಾಗೆ ಹೇಳಿದೆ. ಅವರು ಬಹಳ ಹೊತ್ತು ನಕ್ಕು, ಕಣ್ಣು ಒರೆಸಿಕೊಂಡು, ಇದನ್ನು ಪಾಠದಲ್ಲಿ ಸೇರಿಸುವುದು ಕಷ್ಟ ಎಂದರು.

ಡಿಸೆಂಬರಿನಲ್ಲಿ ಊರಿಗೆ ಬಂದವಳು ಆ ಹಳ್ಳಿಗೂ ಹೋದೆ. ಬಸ್ಸಿಳಿಯುತ್ತಲೇ ನೆಗೆಣ್ಣಿಯರ ಗಂಡಂದಿರಾದ ಆ ಅಣ್ಣತಮ್ಮಂದಿರಿಬ್ಬರೂ ಎದುರಾದರು. ಅಣ್ಣ ಕೈಮುಗಿದು ಹೇಳಿದ:

"ಅಕ್ಕೋರ, ಭಾಳ ಉಪಕಾರ ಆತ್ರಿ. ಆದ್ರ ಮುಂಜಾನಿಂದ ಸಂಜೀತನಾ ಇಬ್ರೂ ಕೂಡಿ ಮಾತಾಡಾಕತ್ತಾರ್ರಿ. ಮನ್ಯಾಗ ನಮಗ ಚಾ ಕೇಳಾಕೂ ಸಂದ ಸಿಗವಲ್ದು."