ಬ್ಯಾಂಕಿಗೆ ಒಪ್ಪಿಸಿದ ಪದವಿ

ಹಿರಿಯೂರಿನ ನಮ್ಮ ಮನೆಯ ಹಿಂದಿನ ರೂಮಿಗೆ ನಾಗಶ್ರೀ ಬಾಡಿಗೆಗೆ ಬಂದು ಎರಡು ವರ್ಷವಾಯಿತು. ಮೊದಮೊದಲು ನನಗೆ ಆಕೆಯ ಮೇಲೆ ಅನುಮಾನ. ಫೋನ್ ಬಂದರೆ ಬೆಚ್ಚುತ್ತಾಳೆ, ಎತ್ತುವುದಿಲ್ಲ, ಮಗುಚಿ ಇಡುತ್ತಾಳೆ. ಯಾವನೋ ಪೋಲಿ ಕಾಡುತ್ತಿದ್ದಾನೆ ಅಂದುಕೊಂಡು ಒಂದು ದಿನ ನಾನೇ ಕಿತ್ತುಕೊಂಡು ಎತ್ತಿದೆ. ಬೈಯಲು ಬಾಯಿ ತೆರೆದಿದ್ದೆ. ಆ ಕಡೆಯಿಂದ ಬಲು ಮರ್ಯಾದೆಯ ದನಿ, "ಮೇಡಂ, ಎಜುಕೇಶನ್ ಲೋನ್ ಕಂತು ಬಾಕಿ ಇದೆ" ಎಂದಿತು. ಪೋಲಿಯೇ ಆಗಿದ್ದರೆ ಒಂದೇ ದಿನದಲ್ಲಿ ಬಿಡಿಸುತ್ತಿದ್ದೆ. ಬ್ಯಾಂಕನ್ನು ಬೈದು ಬಿಡಿಸುವುದು ನನ್ನ ಕೈಲೂ ಆಗುವುದಿಲ್ಲ.

ನಾಗಶ್ರೀ ಹೊಸದುರ್ಗದ ಕಡೆಯ ಕುರಿಗಾರರ ಮಗಳು. ಸಮಾಜಕಾರ್ಯದಲ್ಲಿ ಎಂಎಸ್‌ಡಬ್ಲ್ಯು ಮಾಡಲು ಬ್ಯಾಂಕು ಎರಡು ಲಕ್ಷ ಕೊಟ್ಟಿತ್ತು. ಅವಳ ಸಹಿಯ ಪಕ್ಕ ಅಪ್ಪ ಪಾಲಯ್ಯ ಜಾಮೀನಿಗೆಂದು ಹೆಬ್ಬೆಟ್ಟು ಒತ್ತಿದ್ದ. ಓದು ಮುಗಿದು ಇಲ್ಲಿನ ಒಂದು ಸಂಸ್ಥೆ ಸೇರಿದಳು. ಶಾಲೆ ಬಿಟ್ಟ ಮಕ್ಕಳನ್ನು ಹುಡುಕಿ ಮತ್ತೆ ಶಾಲೆಗೆ ಸೇರಿಸುವ ಕೆಲಸ, ಸಂಬಳ ಹನ್ನೆರಡು ಸಾವಿರ, ಅದೂ ಅನುದಾನ ಬಂದ ತಿಂಗಳು ಮಾತ್ರ. ಕಂತು ತಪ್ಪುತ್ತ ಹೋಯಿತು, ಬಡ್ಡಿ ಬೆಳೆಯುತ್ತ ಹೋಯಿತು.

"ಊರ ಉಸಾಬರಿ ಮಾಡಾಕೆ ಎರಡು ಲಕ್ಷ ಸುರಿದು ಓದಬೇಕಿತ್ತೇನೆ? ನಾನು ಓದದೇ ಮಾಡ್ತಿದೀನಲ್ಲ!" ಎಂದು ಚುಡಾಯಿಸಿದೆ. ಅವಳು ನಗಲಿಲ್ಲ.

"ಬ್ಯಾಂಕ್ನೋರು ನನ್ನನ್ನ ಏನಾರ ಅನ್ಲಿ ಅಮ್ಮ, ತಡಕಂತೀನಿ. ಅಪ್ಪನ ಹತ್ರ ಹೋಗ್ತಾರೇನೋ ಅಂತ ಹೆದರಿಕೆ. ಅಪ್ಪಂಗೆ ಬಡ್ಡಿ ಹಿಂಗೆ ಬೆಳೀತೈತೆ ಅಂತಾನೇ ಗೊತ್ತಿಲ್ಲ" ಎಂದಳು. ಅವತ್ತಿನಿಂದ ಗೇಟಿನ ಸದ್ದಾದರೆ ಬ್ಯಾಂಕಿನವರೇ ಬಂದರೇನೋ ಎಂದು ನಾನೂ ಕಿಟಕಿಯಲ್ಲಿ ಇಣುಕತೊಡಗಿದೆ.

ಕಳೆದ ತಿಂಗಳು ಚಿತ್ರದುರ್ಗದ ಒಂದು ಆಸ್ಪತ್ರೆಯಲ್ಲಿ ಆಕೆಗೆ ಕೆಲಸ ಸಿಗುವಂತಾಯಿತು. ತಿಂಗಳಿಗೆ ಇಪ್ಪತ್ತೆರಡು ಸಾವಿರ. ಕಂತು ಕಟ್ಟಿಯೂ ಊಟಕ್ಕೆ ಉಳಿಯುತ್ತದೆ. ಸೋಮವಾರ ಎಂಎಸ್‌ಡಬ್ಲ್ಯುವಿನ ಮೂಲ ಸರ್ಟಿಫಿಕೇಟು ತೋರಿಸಬೇಕು, ತೋರಿಸದಿದ್ದರೆ ಕೆಲಸ ಬೇರೆಯವರಿಗೆ. ಅದು ಊರಿನ ಮನೆಯ ಟ್ರಂಕಿನಲ್ಲಿತ್ತು. ತರಲೆಂದು ಶುಕ್ರವಾರ ಬೆಳಗ್ಗೆ ಹೊರಟು ನಿಂತಿದ್ದಾಗಲೇ ಪಾಲಯ್ಯ ಗೇಟು ತೆಗೆದು ಒಳಗೆ ಬಂದ. ಹೆಗಲ ಮೇಲೆ ಕಂಬಳಿ, ಮುಖದ ತುಂಬ ನಗು.

"ಕುಂತ್ಕಳ್ರಿ ಪಾಲಯ್ಯ" ಎಂದೆ. ಕೂರಲಿಲ್ಲ, ಮಗಳ ಕಡೆ ತಿರುಗಿದ. "ಬ್ಯಾಂಕ್ನೋರು ಊರಿಗೆ ಬಂದಿದ್ರು ಕಣವ್ವ."

ನಾಗಶ್ರೀ ಹೆಗಲ ಚೀಲವನ್ನು ಎದೆಗವಚಿಕೊಂಡಳು.

"ಹೆದರಬ್ಯಾಡ. ನಿನ್ನೆ ಹೋಗಿ ಎಲ್ಲಾ ಮುಗಿಸ್ಕಂಡು ಬಂದೆ. ಅದನ್ನ ಹೇಳಾಕೇ ಬಂದಿದ್ದು."

"ಯಾವ ದುಡ್ಡಲ್ಲಿ ಅಪ್ಪ?"

"ದುಡ್ಡು ಯಾಕೆ? ಟ್ರಂಕಿನಾಗಿದ್ದ ನಿನ್ನ ಸರ್ಟಿಫಿಕೇಟು ಒಪ್ಪಿಸ್ದೆ."

ನಾನು ಪಕ್ಕನೆ ನಕ್ಕೆ. ಆ ನಗುವಿಗೆ ನನಗೇ ಈಗ ನಾಚಿಕೆಯಾಗುತ್ತದೆ. ಪಾಲಯ್ಯ ತಮಾಷೆ ಮಾಡುತ್ತಿರಲಿಲ್ಲ. ಅವರಲ್ಲಿ ಪಾಲಿಗೆ ಕುರಿ ಸಾಕುವ ಪದ್ಧತಿ ಉಂಟು. ಉಳ್ಳವರ ಕುರಿ ತಂದು ಮೇಯಿಸುವುದು, ಹುಟ್ಟಿದ ಮರಿಯಲ್ಲಿ ಅರ್ಧ ಅವರಿಗೆ, ಅರ್ಧ ಇವರಿಗೆ. ಕುರಿ ರೋಗ ಬಂದು ಸತ್ತರೆ ಅದರ ಚರ್ಮ ತಂದು ಒಡೆಯನ ಮುಂದಿಡಬೇಕು. ಕದ್ದು ಮಾರಿಲ್ಲ ಎಂಬುದಕ್ಕೆ ಅದೇ ಸಾಕ್ಷಿ. ಚರ್ಮ ಒಪ್ಪಿಸಿದಲ್ಲಿಗೆ ಋಣ ತೀರಿತು, ಆಮೇಲೆ ಯಾರೂ ಯಾರನ್ನೂ ಕೇಳುವಂತಿಲ್ಲ.

"ಓದಿನಿಂದ ಮರಿ ಹುಟ್ಟಲಿಲ್ಲ. ಬ್ಯಾಂಕಿನ ಕುರಿ ಸತ್ತೋತು ಅಂದ್ಕಂಡೆ" ಎಂದ ಪಾಲಯ್ಯ. "ಮ್ಯಾನೇಜರು ಬ್ಯಾಡ ಬ್ಯಾಡ ಅಂದ್ರು, ಪಾಪ ಒಳ್ಳೇರು. ಮೇಜಿನ ಮ್ಯಾಲಿಟ್ಟು ಕೈಮುಗಿದು ಬಂದ್ಬಿಟ್ಟೆ."

ಹೊಸದುರ್ಗದ ಬಸ್ಸಿನಲ್ಲಿ ಮೂವರೂ ಹೋದೆವು. ಸರ್ಟಿಫಿಕೇಟನ್ನು ಯಾರಾದರೂ ಕಸದ ಬುಟ್ಟಿಗೆ ಹಾಕಿದ್ದರೆ? ನಾಗಶ್ರೀ ದಾರಿಯುದ್ದಕ್ಕೂ ಉಗುರು ಕಚ್ಚಿದಳು. ಬ್ಯಾಂಕಿನ ಬಾಗಿಲಲ್ಲಿ ನನ್ನ ಕಿವಿಯಲ್ಲಿ, "ಅಪ್ಪನ್ನ ಹೊರಗೇ ಕೂರಿಸ್ಕಳ್ರಿ ಅಮ್ಮ" ಎಂದಳು. ಆಗಲಿ ಎಂದೆ. ಪಾಲಯ್ಯ ನನ್ನ ಮಾತು ಕೇಳಿದರೆ ತಾನೇ? ಮ್ಯಾನೇಜರಿಗೆ ಇನ್ನೊಂದು ನಮಸ್ಕಾರ ಹೇಳಿ ಬರ್ತೀನಿ ಎಂದು ಮಗಳ ಹಿಂದೆಯೇ ಹೋದ. ನಾನೂ ಅವನ ಬೆನ್ನಿಗೇ ಒಳಗೆ ಹೋದೆ.

ಸರ್ಟಿಫಿಕೇಟು ಡ್ರಾಯರಿನಲ್ಲಿ ಭದ್ರವಾಗಿತ್ತು. ಮ್ಯಾನೇಜರು ಅದನ್ನು ನಾಗಶ್ರೀಯ ಕೈಗೆ ಕೊಟ್ಟು, ಪಾಲಯ್ಯನಿಗೆ ನಿಧಾನವಾಗಿ ಹೇಳಿದರು. "ಯಜಮಾನ್ರೆ, ಇದನ್ನ ನಾವು ತಗೊಳ್ಳೋ ಹಾಗಿಲ್ಲ. ಸಾಲ ಹಾಗೇ ಇದೆ, ಬಡ್ಡಿ ಸೇರಿ ಎರಡೂವರೆ ಲಕ್ಷ ದಾಟಿದೆ. ಮಗಳು ಕಟ್ಟದಿದ್ರೆ ನೀವು ಕಟ್ಟಬೇಕಾಗುತ್ತೆ."

ಪಾಲಯ್ಯ ಮೇಜಿನ ಹತ್ತಿರ ಸರಿದ. "ಸತ್ತ ಕುರಿಗೂ ಮರಿ ಕೇಳ್ತೀರೇನ್ರಿ ಸಾಮಿ?"

ಮ್ಯಾನೇಜರು ಕಂಪ್ಯೂಟರಿನ ಕಡೆ ತಿರುಗಿಕೊಂಡರು.

ಬಸ್ ಸ್ಟ್ಯಾಂಡಿನಲ್ಲಿ ಪಾಲಯ್ಯ ಕುಸಿದು ಕುಳಿತ. ಹಿಂಡಿಗೆ ನುಗ್ಗಿದ ತೋಳನನ್ನು ಬರಿಯ ಕೋಲಿನಲ್ಲಿ ಅಟ್ಟಿದವನು ಅಂತ ಮಗಳೇ ಹೇಳಿದ್ದಳು. ಅಂಥವನು ಕಂಬಳಿಯನ್ನು ಮೈಗೆ ಬಿಗಿದು ಸುತ್ತಿಕೊಂಡ. ನೀರು ತಂದುಕೊಟ್ಟೆ, ಕುಡಿಯಲಿಲ್ಲ.

"ಕೆಲಸ ಸಿಕ್ಕೈತಪ್ಪ, ನಾನೇ ಕಟ್ತೀನಿ" ಎಂದಳು ನಾಗಶ್ರೀ.

"ಎಷ್ಟು ದಿನದ ಕೆಲಸ?"

ಅವಳು ಅಪ್ಪನಿಗೆ ಸುಳ್ಳು ಹೇಳುವ ಹುಡುಗಿಯಲ್ಲ. "ಹನ್ನೊಂದು ತಿಂಗಳು. ಆಮೇಲೆ ಮುಂದುವರಿಸಿದ್ರೆ ಉಂಟು."

ಪಾಲಯ್ಯ ತಲೆ ಬಗ್ಗಿಸಿದ. ಹಾಗೆಯೇ ಕೇಳಿದ, "ಆಸ್ಪತ್ರೆಯಾಗೆ ಏನು ಮಾಡ್ಬೇಕವ್ವ ನೀನು?"

"ಹೆದರಿಕಂಡು ಬಂದೋರಿಗೆ ಧೈರ್ಯ ಹೇಳ್ಬೇಕು ಅಪ್ಪ."

"ಹಂಗಾರೆ ನನಗೆ ಹೇಳವ್ವ."

ನಾಗಶ್ರೀ ಅಪ್ಪನ ಕೈ ಹಿಡಿದುಕೊಂಡಳು. ನನ್ನ ಮುಖ ನೋಡಿದಳು. ಊರಿಗೆಲ್ಲ ಬುದ್ಧಿ ಹೇಳುವ ಈ ಅನ್ನಪೂರ್ಣಮ್ಮನಿಗೂ ಒಂದು ಮಾತು ತೋಚಲಿಲ್ಲ.