ಕಬುಕಿ ನಟನ ಕೆನ್ನೆಗೊಂದು ದೃಷ್ಟಿಬೊಟ್ಟು

ಮಸಿ ತೇಯುವುದನ್ನು ರತ್ನಾಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ದೇವರಿಗೆ ಗಂಧ ತೇಯ್ದು ಬೆಳೆದ ಕೈ ಅದು. ಪರದೇಶದ ಊರಾದ ಲೋವರ್ ಹಟ್‌ನಲ್ಲಿ ಮನೆಮನೆಗೆ ಹೋಗಿ ವಯಸ್ಸಾದವರನ್ನು ನೋಡಿಕೊಳ್ಳುವುದು ಅವಳ ಕೆಲಸ. ಮಂಗಳವಾರ ಮಾತ್ರ, ಹಯಾಶಿ ಅಜ್ಜಿಯ ಸ್ನಾನ, ಮಾತ್ರೆ ಮುಗಿದ ಮೇಲೆ ಅವರ ಚಿತ್ರಕ್ಕೆಂದು ಕಲ್ಲಿನ ಮೇಲೆ ಮಸಿಕಡ್ಡಿ ತೇಯ್ದು ಕೊಡುವುದೂ ಸೇರಿಕೊಂಡಿತ್ತು. ಅವಳನ್ನು ಕೆಲಸಕ್ಕೆ ಕಳಿಸುವ ಏಜೆನ್ಸಿಯ ಯಾವ ಫಾರಂನಲ್ಲೂ ಅದಕ್ಕೆ ಜಾಗವಿರಲಿಲ್ಲ.

ಅಜ್ಜಿ ಬಿಡಿಸುತ್ತಿದ್ದುದು ಜಪಾನಿನ ಕಬುಕಿ ನಾಟಕದ ನಟರನ್ನು. ಅದರಲ್ಲೂ ಹೆಣ್ಣುವೇಷದ ಗಂಡಸರನ್ನು. ಪಾರ್ಶ್ವವಾಯು ಬಡಿದ ಮೇಲೆ ಬಲಗೈ ನಡುಗತೊಡಗಿ, ಹರಿದು ಬಿಸಾಡಿದ ಹಾಳೆಗಳಿಗೆ ಲೆಕ್ಕವಿಲ್ಲ. ಎಂಟು ತಿಂಗಳ ಮೇಲೆ ಆ ಮಂಗಳವಾರ ಒಂದು ಮುಖ ಮೂಡಿತು. ಶನಿವಾರ ಲೈಬ್ರರಿಯ ಪ್ರದರ್ಶನಕ್ಕೆ ಅದೇ ಹೋಗಬೇಕು.

"ಇದೇ ಕೊನೆಯದು," ಎಂದು ಅಜ್ಜಿ ಒಳಗೆ ಹೋಗಿ ಮಲಗಿದರು.

ರತ್ನಾ ಕುಂಚ ತೊಳೆಯುತ್ತ ಆ ಮುಖ ನೋಡಿದಳು. ಬಾಗಿದ ಕತ್ತು, ಕಣ್ಣಂಚಿನ ನಾಚಿಕೆ. ಚಿತ್ರದುರ್ಗದ ಕಡೆಯ ಬಯಲಾಟದಲ್ಲಿ ದ್ರೌಪದಿಯಾಗುತ್ತಿದ್ದ ಅಪ್ಪನೇ ಎದುರಿಗೆ ನಿಂತಂತಾಯಿತು. ಅಪ್ಪ ವೇಷ ಕಟ್ಟಿ ಹೊರಟಾಗಲೆಲ್ಲ ಅವ್ವ ಮಾಡುತ್ತಿದ್ದುದನ್ನು ರತ್ನಾಳ ಬೆರಳು ಅವಳನ್ನೂ ಕೇಳದೆ ಮಾಡಿಬಿಟ್ಟಿತು. ನಟನ ಕೆನ್ನೆಯ ಮೇಲೆ ಕಡಲೆಗಾತ್ರದ ಕಪ್ಪು ದೃಷ್ಟಿಬೊಟ್ಟು!

ಕೆಟ್ಟ ಮೇಲೆ ಬುದ್ಧಿ ಬಂತು. ಈ ಮಸಿಯನ್ನು ಕಾಗದ ಒಮ್ಮೆ ಕುಡಿದರೆ ಮುಗಿಯಿತು, ಅಳಿಸುವ ಮಾತೇ ಇಲ್ಲ. ಗಂಡ ತಿಪ್ಪೇಸ್ವಾಮಿಗೆ ಫೋನ್ ಮಾಡಿ ಆದದ್ದು ಹೇಳಿದಳು.

"ನೊಣ ಕೂತಿತ್ತು ಅಂದ್ಬಿಡು," ಎಂದ ಅವನು.

"ಕಡ್ಲೆಕಾಳ್ ಸೈಜಿನ್ ನೊಣಾನಾ? ಸುಮ್ನಿರ್ರಿ!"

ಇಂಥ ಸಲಹೆಗಾರರಿದ್ದರೆ ಮನೆ ಉದ್ಧಾರವಾದಂತೆಯೇ. ಅಜ್ಜಿ ಎದ್ದು ಬಂದಾಗ ರತ್ನಾ ತಾನೇ ಚಿತ್ರ ತೋರಿಸಿ, ತನ್ನ ಹರಕು ಇಂಗ್ಲಿಷಿನಲ್ಲಿ ಎಲ್ಲ ಹೇಳಿಕೊಂಡಳು. ಅಪ್ಪನ ವೇಷ, ಅವ್ವನ ಕಾಡಿಗೆ. "ತುಂಬ ಚೆಂದದ ಮುಖಕ್ಕೆ ಜನರ ಕಣ್ಣು ತಾಗುತ್ತೆ. ಅದಕ್ಕೇ ನಾವು ಬೇಕೂಂತ ಒಂದು ಕುಂದು ಇಡ್ತೀವಿ. ನಿಮ್ಮ ಚಿತ್ರ ಹಾಳು ಮಾಡಿದೆ, ತಪ್ಪಾಯ್ತು." ಹೇಳುತ್ತಲೇ ಅತ್ತುಬಿಟ್ಟಳು.

ಅಜ್ಜಿ ಕನ್ನಡಕ ಹಾಕಿಕೊಂಡು ಬೊಟ್ಟನ್ನು ಹತ್ತಿರದಿಂದ ನೋಡಿದರು.

"ಅಷ್ಟು ಚೆನ್ನಾಗಿ ಬಂದಿದೆಯಾ?"

ರತ್ನಾ ಹೌದೆಂದು ತಲೆಯಾಡಿಸಿದಳು. ಅಜ್ಜಿ ನಡುಗುವ ಬಲಗೈಯನ್ನು ಮೇಜಿನ ಮೇಲಿಟ್ಟರು.

"ಇದೂ ಒಂದು ಕಾಲಕ್ಕೆ ತುಂಬ ಚೆನ್ನಾಗಿತ್ತು. ಯಾರೂ ಬೊಟ್ಟು ಇಡಲಿಲ್ಲ."

ಕಲ್ಲಿನಲ್ಲಿ ಇನ್ನೂ ಒಂದಿಷ್ಟು ಮಸಿ ಉಳಿದಿತ್ತು. ರತ್ನಾ ಬೆರಳದ್ದಿ, ಆ ಕೈಯನ್ನು ಅಲುಗದಂತೆ ಹಿಡಿದುಕೊಂಡು, ಹೆಬ್ಬೆರಳಿನ ಬುಡಕ್ಕೆ ಒಂದು ಬೊಟ್ಟಿಟ್ಟಳು. ಇಟ್ಟ ಮೇಲೂ ಕೈ ಬಿಡಲಿಲ್ಲ.

"ಮುಂದಿನ ಮಂಗಳವಾರ," ಎಂದರು ಅಜ್ಜಿ, "ಮಸಿ ಸ್ವಲ್ಪ ಜಾಸ್ತಿ ತೇಯಿ."